ಏರುದಾರಿಯಲ್ಲಿ ಬತ್ತುವ ನಿರ್ವಾತ ಟ್ಯಾಂಕ್: 1920ರ ದಶಕದ ಕಾರುಗಳ ಪೆಟ್ರೋಲ್ ಪೂರೈಕೆಯನ್ನು ಸುಧಾರಿಸುವ ಬಗೆ

ನಂದಿದಾರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1920ರ ದಶಕದ ನಡುಭಾಗದ, ಆರು ಸಿಲಿಂಡರಿನ ಅಮೆರಿಕನ್ ಕಾರೊಂದಿದೆ. ಅದರ ತೂಕ ಸುಮಾರು 1,400 ಕಿಲೋ. ಪೆಟ್ರೋಲ್ ಟ್ಯಾಂಕ್ ಹಿಂಬದಿಯಲ್ಲಿ, ಚಾಸಿಯ ಮಟ್ಟದಲ್ಲಿದೆ. ಅಲ್ಲಿಂದ ಪೆಟ್ರೋಲನ್ನು ಮೇಲಕ್ಕೆ ತರುವ ಕೆಲಸವನ್ನು ಇಂಜಿನ್ ಕೋಣೆಯ ಹಿಂಗೋಡೆಗೆ ಬಿಗಿದಿರುವ, ಡಬ್ಬಿಯಂತಹ ನಿರ್ವಾತ ಟ್ಯಾಂಕ್ ಮಾಡುತ್ತದೆ. ಈ ಕಾರಿನಲ್ಲಿ ಯಾವ ಪಂಪೂ ಇಲ್ಲ, ಹಿಂದೆ ಇದ್ದದ್ದೂ ಇಲ್ಲ.

ಬೆಂಗಳೂರಿನ ಸಮತಟ್ಟಾದ ರಸ್ತೆಗಳಲ್ಲಿ ಕಾರು ಯಾವ ತಕರಾರೂ ಇಲ್ಲದೆ ಓಡುತ್ತದೆ. ಆದರೆ ನಂದಿ ಬೆಟ್ಟದ ದಾರಿಯಲ್ಲಿ ಮೂರು ಬಾರಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಅಂದರೆ ಏರು ಮುಕ್ಕಾಲು ಭಾಗ ಮುಗಿಯುವ ಹೊತ್ತಿಗೆ ಇಂಜಿನ್ ಎರಡು ಸಲ ಕೆಮ್ಮಿದಂತೆ ಮಾಡಿ ನಿಂತುಹೋಯಿತು. ಹಿಂದಿನ ಟ್ಯಾಂಕಿನಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಹೆಚ್ಚಿತ್ತು. ನಿರ್ವಾತ ಟ್ಯಾಂಕಿನ ಕೆಳಗಿನ ತಿರುಪನ್ನು ಬಿಚ್ಚಿ ನೋಡಿದಾಗ ಒಂದು ಹನಿಯೂ ಬೀಳಲಿಲ್ಲ. ಮೇಲಿನ ತೂತಿನಿಂದ ಒಂದು ಲೋಟ ಪೆಟ್ರೋಲ್ ಸುರಿದ ಮೇಲೆ ಇಂಜಿನ್ ಕೂಡಲೇ ಚಾಲೂ ಆಯಿತು. ಐದು ನಿಮಿಷ ಹಾಗೆಯೇ ನಿಲ್ಲಿಸಿ ಓಡಿಸಿದ ಬಳಿಕ ಟ್ಯಾಂಕ್ ತಾನಾಗಿಯೇ ತುಂಬಿಕೊಂಡಿತು.

ನನಗೆ ಪರಿಚಯವಿರುವ ಒಬ್ಬ ಮೆಕ್ಯಾನಿಕ್ ಇದನ್ನು ಕಿತ್ತುಹಾಕಿ ವಿದ್ಯುತ್ ಪಂಪ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ನನಗೆ ಅದು ಇಷ್ಟವಿಲ್ಲ. ನೂರು ವರ್ಷಗಳ ಹಿಂದೆ ಇದೇ ಏರ್ಪಾಡಿನಿಂದ ಜನ ಬೆಟ್ಟ ಗುಡ್ಡಗಳನ್ನು ಹತ್ತಿದ್ದಾರೆ ಎಂದಾದರೆ, ನನ್ನ ಕಾರಿಗೆ ಏಕೆ ಆಗುತ್ತಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಮೂಲ ವಿನ್ಯಾಸವನ್ನು ಕೆಡಿಸದೆ ಇದನ್ನು ಸುಧಾರಿಸಲು ಏನೇನು ಮಾಡಬಹುದು ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಹಿತ್ತಾಳೆಕವಾಟ ಬರೆದದ್ದು:

ತಮ್ಮ ವಿವರಣೆಯಲ್ಲಿಯೇ ರೋಗದ ಅರ್ಧ ಗುರುತು ಸಿಕ್ಕಿದೆ. ಆದರೂ ಈ ಡಬ್ಬಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಒಮ್ಮೆ ಬಿಡಿಸಿ ಹೇಳಿದರೆ ಮುಂದಿನ ಮಾತು ಸುಲಭವಾಗುತ್ತದೆ.

ಮೊದಮೊದಲ ಕಾರುಗಳಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ, ಅದನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿಗೆ ಇಳಿಯುತ್ತಿತ್ತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕ್ ಇದ್ದದ್ದು ಚಾಲಕನ ಸೀಟಿನ ಕೆಳಗೆ. ಕಡಿದಾದ ಏರಿನಲ್ಲಿ ಕಾರ್ಬ್ಯುರೇಟರ್ ಟ್ಯಾಂಕಿಗಿಂತ ಮೇಲಾಗಿ ಪೆಟ್ರೋಲ್ ಇಳಿಯದಿದ್ದಾಗ, ಜನ ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಬೆಟ್ಟ ಹತ್ತಿಸುತ್ತಿದ್ದರು. ದೊಡ್ಡ ಕಾರುಗಳಲ್ಲಿ ಟ್ಯಾಂಕನ್ನು ಹಿಂದಕ್ಕೆ ಒಯ್ದು, ಅದರೊಳಗೆ ಗಾಳಿಯ ಒತ್ತಡ ತುಂಬಿ ಪೆಟ್ರೋಲನ್ನು ಮುಂದಕ್ಕೆ ತಳ್ಳುವ ಪದ್ಧತಿ ಬಂದಿತು. ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಕೈಪಂಪ್ ಬೇಕಿತ್ತು, ಮುಚ್ಚಳ ಸ್ವಲ್ಪ ಸಡಿಲವಾದರೂ ಒತ್ತಡ ಇಳಿದುಹೋಗುತ್ತಿತ್ತು, ಕೊಳವೆ ಎಲ್ಲಿಯಾದರೂ ಸೀಳಿದರೆ ಪೆಟ್ರೋಲ್ ಚಿಮ್ಮುತ್ತಿತ್ತು.

ಇವೆರಡರ ನಡುವಿನ ಪರಿಹಾರವನ್ನು ಕೊಟ್ಟವನು ವೆಬ್ ಜೇ ಎಂಬ ಅಮೆರಿಕನ್. ಆತ 1905ರಲ್ಲಿ ವೈಟ್ ಕಂಪನಿಯ ‘ವಿಸ್ಲಿಂಗ್ ಬಿಲ್ಲಿ’ ಎಂಬ ಉಗಿ ಕಾರನ್ನು ಓಡಿಸಿ ಹೆಸರು ಮಾಡಿದ ರೇಸ್ ಚಾಲಕ. ಅದೇ ವರ್ಷ ಬಫಲೋದಲ್ಲಿ ಭೀಕರ ಅಪಘಾತಕ್ಕೆ ಸಿಕ್ಕಿ ಬದುಕಿ ಉಳಿದವನು. ಆತ ರೂಪಿಸಿದ ನಿರ್ವಾತ ಟ್ಯಾಂಕನ್ನು ಷಿಕಾಗೋದ ಸ್ಟೂವರ್ಟ್ ವಾರ್ನರ್ ಕಂಪನಿ 1910ರ ದಶಕದ ನಡುವಿನಿಂದ ಭಾರಿ ಪ್ರಮಾಣದಲ್ಲಿ ತಯಾರಿಸಿತು. ಇಂಗ್ಲೆಂಡಿನಲ್ಲಿ ಇದೇ ಬಗೆಯ ಸಾಧನ ಆಟೋವ್ಯಾಕ್ ಎಂಬ ಹೆಸರಿನಲ್ಲಿ ರೋಲ್ಸ್ ರಾಯ್ಸ್, ಬೆಂಟ್ಲಿ ಕಾರುಗಳಿಗೂ ಲಾರಿಗಳಿಗೂ ಬಂದಿತು.

ಟ್ಯಾಂಕಿನಲ್ಲಿ ಒಂದರೊಳಗೊಂದು ಎರಡು ಕೋಣೆಗಳಿರುತ್ತವೆ. ಒಳಕೋಣೆಯಲ್ಲಿ ಪೆಟ್ರೋಲಿನ ಮೇಲೆ ತೇಲುವ ಒಂದು ಫ್ಲೋಟ್ ಇದೆ. ಪೆಟ್ರೋಲ್ ಮಟ್ಟ ಇಳಿದು ಫ್ಲೋಟ್ ಕೆಳಗೆ ಬಂದಾಗ, ಎರಡು ಸ್ಪ್ರಿಂಗ್‌ಗಳ ಬಲದಿಂದ ಸನ್ನೆಯೊಂದು (ಲಿವರ್) ಫಕ್ಕನೆ ಮಗುಚಿಕೊಂಡು ಗಾಳಿಯ ಕವಾಟವನ್ನು ಮುಚ್ಚಿ, ಸೆಳೆತದ ಕವಾಟವನ್ನು ತೆರೆಯುತ್ತದೆ. ಸೆಳೆತದ ಕೊಳವೆ ಇಂಜಿನ್ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹೀರಿಕೊಳ್ಳುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರಿರುವುದರಿಂದ ಒಳಕೋಣೆಯ ಗಾಳಿ ಹೊರಟುಹೋಗಿ, ಹಿಂದಿನ ಟ್ಯಾಂಕಿನ ಪೆಟ್ರೋಲ್ ಮೇಲೇರಿ ಬರುತ್ತದೆ. ಫ್ಲೋಟ್ ಮೇಲಕ್ಕೆ ಬಂದಾಗ ಸನ್ನೆ ಮತ್ತೆ ಮಗುಚಿಕೊಂಡು ಸೆಳೆತವನ್ನು ಮುಚ್ಚಿ ಹೊರಗಾಳಿಯನ್ನು ಒಳಬಿಡುತ್ತದೆ. ಆಗ ಪೆಟ್ರೋಲಿನ ಭಾರಕ್ಕೆ ತಳದ ರೆಕ್ಕೆ ಕವಾಟ ತೆರೆದುಕೊಂಡು ಅದೆಲ್ಲ ಹೊರಕೋಣೆಗೆ ಇಳಿಯುತ್ತದೆ. ಹೊರಕೋಣೆ ಯಾವಾಗಲೂ ಹೊರಗಾಳಿಗೆ ತೆರೆದಿರುತ್ತದೆ. ಅಲ್ಲಿಂದ ಕಾರ್ಬ್ಯುರೇಟರಿಗೆ ಪೆಟ್ರೋಲ್ ಹರಿಯುವುದು ಹಿಂದಿನಂತೆಯೇ ಬರಿಯ ಭಾರದಿಂದ.

ಇದರ ದೌರ್ಬಲ್ಯ ಒಂದೇ ಒಂದು, ಆದರೆ ಅದು ಬುಡದಲ್ಲಿಯೇ ಇದೆ. ಥ್ರಾಟಲ್, ಅಂದರೆ ಆಕ್ಸಿಲರೇಟರ್ ಒತ್ತಿದಾಗ ತೆರೆದು ಇಂಜಿನ್ನಿಗೆ ಮಿಶ್ರಣವನ್ನು ಬಿಡುವ ಬಾಗಿಲು, ಮುಚ್ಚಿದ್ದಾಗ ಮ್ಯಾನಿಫೋಲ್ಡಿನಲ್ಲಿ ಸೆಳೆತ ಬಹಳ ಇರುತ್ತದೆ. ಥ್ರಾಟಲನ್ನು ಪೂರ್ತಿ ತೆರೆದಾಗ ಅದು ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಇಂಜಿನ್ನಿಗೆ ಪೆಟ್ರೋಲ್ ಅತಿ ಹೆಚ್ಚು ಬೇಕಾಗುವುದು ಅದೇ ಹೊತ್ತಿನಲ್ಲಿ.

ಪಾದರಸ ಬರೆದದ್ದು:

ಮೇಲಿನ ಮಾತಿಗೆ ಅಂಕಿಗಳನ್ನು ಸೇರಿಸಿದರೆ ನಂದಿ ಬೆಟ್ಟದ ಮುಕ್ಕಾಲು ದಾರಿಯ ಗುಟ್ಟು ತಾನಾಗಿ ಬಯಲಾಗುತ್ತದೆ.

ಮೊದಲು ಎತ್ತುವ ಲೆಕ್ಕ. ಸೆಳೆತವನ್ನು ಅಳೆಯುವುದು ಅದು ಎತ್ತಬಲ್ಲ ಪಾದರಸದ ಕಂಬದ ಎತ್ತರದಿಂದ, ಇಂಚುಗಳಲ್ಲಿ. ಹಿಂದಿನ ಟ್ಯಾಂಕಿನ ತಳದಿಂದ ನಿರ್ವಾತ ಟ್ಯಾಂಕಿನ ಬಾಯಿಯವರೆಗೆ 80 ಸೆಂಟಿಮೀಟರ್ ಎತ್ತರವಿದೆ ಎಂದುಕೊಳ್ಳೋಣ. ಪೆಟ್ರೋಲಿನ ಸಾಂದ್ರತೆ ನೀರಿನ 0.74ರಷ್ಟು, ಪಾದರಸದ ಸಾಂದ್ರತೆ ನೀರಿನ 13.6ರಷ್ಟು. ಆದ್ದರಿಂದ 80 ಸೆಂಟಿಮೀಟರ್ ಪೆಟ್ರೋಲನ್ನು ಎತ್ತಲು ಪಾದರಸದ 1.7 ಇಂಚಿನಷ್ಟು ಸೆಳೆತ ಸಾಕು. ಆದರೆ ಕಾರು ಹತ್ತಕ್ಕೆ ಒಂದರ ಏರಿನಲ್ಲಿ ನಿಂತಾಗ, ಮೂರು ಮೀಟರ್ ಹಿಂದಿರುವ ಟ್ಯಾಂಕ್ ಇನ್ನೂ 30 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಆಗ ಬೇಕಾಗುವ ಸೆಳೆತ ಸುಮಾರು 2.4 ಇಂಚು. ಕೊಳವೆಯ ತಡೆಯನ್ನೂ ಸೇರಿಸಿ 2.5 ಇಂಚು ಎಂದು ಹಿಡಿಯುತ್ತೇನೆ. ಸುಸ್ಥಿತಿಯಲ್ಲಿರುವ ಇಂಜಿನ್ ಸಮುದ್ರಮಟ್ಟದಲ್ಲಿ ನಿಂತಲ್ಲೇ ಓಡುವಾಗ 18ರಿಂದ 20 ಇಂಚು ತೋರಿಸುತ್ತದೆ. ಬೆಂಗಳೂರಿನ ಎತ್ತರದಲ್ಲಿ ಅದು 16ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಬೇಕಾದದ್ದರ ಆರು ಪಟ್ಟಿಗಿಂತ ಹೆಚ್ಚು ನಮ್ಮ ಬಳಿ ಇದೆ. ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ ಒಂದು ಇಂಚೂ ಉಳಿಯುವುದಿಲ್ಲ.

ಇನ್ನು ಖರ್ಚಿನ ಲೆಕ್ಕ. ನಂದಿಯ ನೆತ್ತಿ ಇರುವುದು ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿ. ಬುಡದಿಂದ 500 ಮೀಟರ್ ಏರಬೇಕು ಎಂದು ಹಿಡಿದರೆ, 1,400 ಕಿಲೋ ತೂಕವನ್ನು ಅಷ್ಟು ಎತ್ತಲು ಸುಮಾರು 69 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ 3 ಕೋಟಿ 20 ಲಕ್ಷ ಜೂಲ್ ಇದ್ದರೂ, ಆ ಕಾಲದ ಇಂಜಿನ್ ಚಕ್ರಕ್ಕೆ ತಲುಪಿಸುವುದು ಅದರ ಐದನೆಯ ಒಂದು ಭಾಗ ಮಾತ್ರ ಎಂದುಕೊಂಡರೆ 64 ಲಕ್ಷ ಕೈಗೆ ಬರುತ್ತದೆ. ಎತ್ತುವುದಕ್ಕೇ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಹೋಯಿತು. ಚಕ್ರಗಳ ಉರುಳಾಟದ ತಡೆಗೆ ಇನ್ನೊಂದು ಕಾಲು ಲೀಟರ್ ಸೇರಿಸಿದರೆ ಒಟ್ಟು ಒಂದೂಕಾಲರಿಂದ ಒಂದೂವರೆ ಲೀಟರ್.

ತಮ್ಮ ಟ್ಯಾಂಕಿನ ಹೊರಕೋಣೆ ಎಷ್ಟು ಹಿಡಿಯುತ್ತದೆ ಎಂದು ಅಳೆದು ನೋಡಿ. ನನ್ನ ಊಹೆ ಒಂದು ಲೀಟರ್. ದಾರಿಯುದ್ದಕ್ಕೂ ಥ್ರಾಟಲ್ ಒತ್ತಿಯೇ ಹತ್ತಿದ್ದರೆ, ತಾವು ಕೆಳಗಿನಿಂದ ತಂದ ಆ ಒಂದು ಲೀಟರಿನ ಮೇಲೆಯೇ ಹತ್ತಿದ್ದೀರಿ. ಅದು ಮುಕ್ಕಾಲು ದಾರಿಗೆ ಮುಗಿಯಿತು.

ಗೇರ್‌ಪೆಟ್ಟಿಗೆ ಬರೆದದ್ದು:

ಪಾದರಸ ಅವರ ಲೆಕ್ಕ ಓದಿ ಬಹಳ ಸಂತೋಷವಾಯಿತು. ನಂದಿದಾರಿ ಅವರು ಬೆಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತಾರೆ ಎಂದು ಕೇಳಬೇಕಾಗಿದೆ.

1920ರ ದಶಕದ ದೊಡ್ಡ ಇಂಜಿನ್ನುಗಳು ಕಡಿಮೆ ವೇಗದಲ್ಲಿಯೂ ಚೆನ್ನಾಗಿ ಎಳೆಯುತ್ತವೆ. ಗೇರ್ ಬದಲಿಸುವುದು ಕಷ್ಟವಾಗಿದ್ದ ಆ ಕಾಲದಲ್ಲಿ ಟಾಪ್ ಗೇರಿನಲ್ಲಿಯೇ ಬೆಟ್ಟ ಹತ್ತುವುದು ಕಾರಿನ ಹಿರಿಮೆಯೆನಿಸಿತ್ತು. ನಾವೂ ಹಳೆಯ ಗೇರುಗಳು ಕಿರುಗುಟ್ಟುವ ಭಯಕ್ಕೆ ಹಾಗೆಯೇ ಮಾಡುತ್ತೇವೆ. ನಿರ್ವಾತ ಟ್ಯಾಂಕಿಗೆ ಇದಕ್ಕಿಂತ ಕೆಟ್ಟ ಅಭ್ಯಾಸವಿಲ್ಲ. ಟಾಪ್ ಗೇರಿನಲ್ಲಿ ಇಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಥ್ರಾಟಲ್ ಪೂರ್ತಿ ತೆರೆದಿರುತ್ತದೆ, ಸೆಳೆತ ಸತ್ತಿರುತ್ತದೆ. ಅದೇ ಏರಿನಲ್ಲಿ, ಅದೇ ವೇಗಕ್ಕೆ, ಎರಡನೆಯ ಗೇರಿಗೆ ಇಳಿದರೆ ಇಂಜಿನ್ ಹೆಚ್ಚು ಸುತ್ತು ತಿರುಗುತ್ತದೆ. ಬೇಕಾದ ಶಕ್ತಿ ಅಷ್ಟೇ ಆದ್ದರಿಂದ ಥ್ರಾಟಲ್ ಅರ್ಧ ತೆರೆದರೆ ಸಾಕಾಗುತ್ತದೆ, ಮ್ಯಾನಿಫೋಲ್ಡಿನಲ್ಲಿ ನಾಲ್ಕೈದು ಇಂಚು ಸೆಳೆತ ಉಳಿಯುತ್ತದೆ. ನಮಗೆ ಬೇಕಾದದ್ದು ಎರಡೂವರೆ.

ಇದರ ಜೊತೆಗೆ, ಪ್ರತಿ ತಿರುವಿಗೆ ಬಂದಾಗಲೂ ಕಾಲನ್ನು ಆಕ್ಸಿಲರೇಟರಿನಿಂದ ಪೂರ್ತಿ ಎತ್ತಿ, ಎರಡು ಮೂರು ಸೆಕೆಂಡು ಹಾಗೆಯೇ ಬಿಡಿ. ಇಂಜಿನ್ ವೇಗವಾಗಿ ತಿರುಗುತ್ತಿರುವಾಗ ಥ್ರಾಟಲ್ ಮುಚ್ಚಿದರೆ ಸೆಳೆತ ಅತ್ಯಂತ ಬಲವಾಗಿರುತ್ತದೆ. ತಿರುವಿನಲ್ಲಿ ಹೇಗೂ ವೇಗ ತಗ್ಗಿಸಬೇಕಾಗಿರುವುದರಿಂದ ನಷ್ಟವೇನೂ ಇಲ್ಲ.

ವೈರಿಂಗ್ ಬರೆದದ್ದು:

ಎಲ್ಲರ ಜ್ಞಾನಕ್ಕೂ ಗೌರವವಿದೆ. ಆದರೂ ಈಗಿನ ದಟ್ಟಣೆಯಲ್ಲಿ, ಹಿಂದೆ ಬಸ್ಸು ಹಾರ್ನ್ ಮಾಡುತ್ತಿರುವಾಗ, ತಿರುವಿನಲ್ಲಿ ನಿಂತುಹೋಗುವ ಕಾರು ಅಪಾಯಕಾರಿ. ಹಿಂದಿನ ಟ್ಯಾಂಕಿನ ಬಳಿ ಒಂದು ಸಣ್ಣ ವಿದ್ಯುತ್ ಪಂಪನ್ನು ಕಣ್ಣಿಗೆ ಬೀಳದಂತೆ ಕೂರಿಸಿ, ನಿರ್ವಾತ ಟ್ಯಾಂಕಿಗೆ ಹೋಗುವ ಕೊಳವೆಗೇ ಅದನ್ನು ಜೋಡಿಸಿ, ಏರು ಬಂದಾಗ ಸ್ವಿಚ್ ಒತ್ತಿದರೆ ಎಲ್ಲವೂ ಮುಗಿಯುವುದಿಲ್ಲವೇ?

ಹಿತ್ತಾಳೆಕವಾಟ ಬರೆದದ್ದು:

ತಮ್ಮ ಕಾಳಜಿ ನ್ಯಾಯವಾದದ್ದು. ಆದರೆ ತಾವು ಹೇಳಿದ ಜೋಡಣೆಯನ್ನು ದಯವಿಟ್ಟು ಯಾರೂ ಮಾಡಬಾರದು.

ಕಾರ್ಬ್ಯುರೇಟರಿನ ಫ್ಲೋಟ್ ಮೇಲೆ ಬಂದಾಗ ಸೂಜಿಯೊಂದು ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುತ್ತದೆ. ನಿರ್ವಾತ ಟ್ಯಾಂಕಿನ ಫ್ಲೋಟ್ ಮುಚ್ಚುವುದು ಸೆಳೆತದ ದಾರಿಯನ್ನು ಮಾತ್ರ, ಪೆಟ್ರೋಲಿನ ದಾರಿ ಸದಾ ತೆರೆದೇ ಇರುತ್ತದೆ. ಸೆಳೆತ ನಿಂತರೆ ಪೆಟ್ರೋಲ್ ಬರುವುದೂ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವಿನ್ಯಾಸ ನಿಂತಿದೆ. ಪಂಪಿನಿಂದ ತಳ್ಳಿದರೆ ಅದನ್ನು ತಡೆಯುವವರೇ ಇಲ್ಲ. ಒಳಕೋಣೆ ತುಂಬಿ, ಹೊರಕೋಣೆ ತುಂಬಿ, ಗಾಳಿಕೊಳವೆಯಿಂದ ಪೆಟ್ರೋಲ್ ಉಕ್ಕಿ ಕೆಳಗಿನ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಸುರಿಯುತ್ತದೆ.

ಪಂಪು ಹಾಕಲೇಬೇಕೆಂದಿದ್ದರೆ ಅದರ ಕೊಳವೆ ನಿರ್ವಾತ ಟ್ಯಾಂಕನ್ನು ಮುಟ್ಟದೆ ನೇರವಾಗಿ ಕಾರ್ಬ್ಯುರೇಟರಿಗೆ ಸೇರಬೇಕು. ಆಗಲೂ ಒತ್ತಡ ತಗ್ಗಿಸುವ ನಿಯಂತ್ರಕ ಬೇಕು. 30 ಸೆಂಟಿಮೀಟರ್ ಎತ್ತರದಿಂದ ಇಳಿಯುವ ಪೆಟ್ರೋಲಿನ ಒತ್ತಡ ಚದರ ಇಂಚಿಗೆ ಪೌಂಡಿನ ಮೂರನೆಯ ಒಂದು ಭಾಗವೂ ಇಲ್ಲ. ಮಾರುಕಟ್ಟೆಯ ಸಾಮಾನ್ಯ ಪಂಪು ನಾಲ್ಕು ಪೌಂಡಿಗಿಂತ ಹೆಚ್ಚು ತಳ್ಳುತ್ತದೆ. ಹಳೆಯ ಹಿತ್ತಾಳೆ ಫ್ಲೋಟ್ ಅಷ್ಟು ಒತ್ತಡದ ಎದುರು ಸೂಜಿಯನ್ನು ಹಿಡಿದಿಡಲಾರದು.

ಹಳೆಲೋಹ ಬರೆದದ್ದು:

ಲೆಕ್ಕಾಚಾರ, ಚಾಲನೆಯ ಅಭ್ಯಾಸ ಇವೆಲ್ಲ ಟ್ಯಾಂಕ್ ಆರೋಗ್ಯವಾಗಿದ್ದರೆ ಸರಿ. ನಾನು ಇದುವರೆಗೆ ಏಳು ನಿರ್ವಾತ ಟ್ಯಾಂಕುಗಳನ್ನು ಬಿಚ್ಚಿದ್ದೇನೆ. ಅವುಗಳಲ್ಲಿ ಒಂದರ ಮುಚ್ಚಳವೂ ಚಪ್ಪಟೆಯಾಗಿ ಉಳಿದಿರಲಿಲ್ಲ.

ಈ ಮುಚ್ಚಳಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದಾರೆ. ಆ ಕಾಲದ ಸತುವಿನಲ್ಲಿ ಸೀಸ, ತವರಗಳ ಕಲ್ಮಶ ಉಳಿದಿರುತ್ತಿತ್ತು. ಆ ಕಲ್ಮಶ ಲೋಹದ ಕಣಗಳ ಸಂದಿಯಲ್ಲಿ ಸೇರಿಕೊಂಡು, ತೇವ ತಗುಲಿದಾಗ ಒಳಗಿಂದೊಳಗೆ ತಿನ್ನುತ್ತ ಹೋಗುತ್ತದೆ. ಲೋಹ ಉಬ್ಬುತ್ತದೆ, ಬಾಗುತ್ತದೆ, ಕೂದಲೆಳೆಯಂತಹ ಬಿರುಕುಗಳು ಜಾಲದಂತೆ ಹರಡುತ್ತವೆ. ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಣಗಿದ ಕೆರೆಯ ತಳದ ಮಣ್ಣಿನಂತೆ ಕಾಣಿಸಿದರೆ ಅದನ್ನು ಉಳಿಸುವ ಆಸೆ ಬಿಡಿ, ಕಂಚಿನಲ್ಲಿಯೋ ಅಲ್ಯೂಮಿನಿಯಮ್ಮಿನಲ್ಲಿಯೋ ಹೊಸದನ್ನು ಎರಕ ಹೊಯ್ಯಿಸಿ. ಬರಿಯ ಬಾಗು ಮಾತ್ರವಿದ್ದರೆ, ದಪ್ಪ ಗಾಜಿನ ಮೇಲೆ ನುಣುಪಾದ ಉಜ್ಜುಕಾಗದವಿಟ್ಟು, ಎಣ್ಣೆ ಸವರಿ, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಬಹುದು. ಮುಚ್ಚಳ ಮತ್ತು ಒಳಕೋಣೆಯ ನಡುವೆ ಕೂದಲಿನಷ್ಟು ಸಂದಿಯಿದ್ದರೂ ನಿಮ್ಮ ಎರಡೂವರೆ ಇಂಚಿನ ಸೆಳೆತ ಅಲ್ಲಿಯೇ ಸೋರಿಹೋಗುತ್ತದೆ. ಮ್ಯಾನಿಫೋಲ್ಡಿನಲ್ಲಿ 16 ಇಂಚು ಇರುವಾಗ ಈ ಸೋರಿಕೆ ಗೊತ್ತೇ ಆಗುವುದಿಲ್ಲ. ನಾಲ್ಕೈದಕ್ಕೆ ಇಳಿದಾಗ ಅದೇ ಪ್ರಾಣಕ್ಕೆ ಬರುತ್ತದೆ.

ಮುಂದಿನದು ಸ್ಪ್ರಿಂಗ್‌ಗಳು. ಸನ್ನೆ ಮಗುಚಿಕೊಳ್ಳುವಾಗ ‘ಟಕ್’ ಎಂಬ ಸ್ಪಷ್ಟವಾದ ಸದ್ದು ಕೇಳಬೇಕು. ಸ್ಪ್ರಿಂಗ್ ಸೋತಿದ್ದರೆ ಸನ್ನೆ ನಡುವಿನಲ್ಲಿ ತೂಗಾಡುತ್ತ ಎರಡು ಕವಾಟಗಳನ್ನೂ ಅರೆಬರೆ ತೆರೆದಿಡುತ್ತದೆ. ಆಗ ಟ್ಯಾಂಕ್ ಹೀರುವುದೂ ಇಲ್ಲ, ಇಳಿಸುವುದೂ ಇಲ್ಲ. ಮೂರನೆಯದು ತಳದ ರೆಕ್ಕೆ ಕವಾಟ. ಅದರ ಅಂಚಿನಲ್ಲಿ ತುಕ್ಕಿನ ಒಂದು ಹರಳು ಸಿಕ್ಕಿಕೊಂಡಿದ್ದರೂ ಹೊರಕೋಣೆಯ ಗಾಳಿ ಒಳಕೋಣೆಗೆ ನುಗ್ಗಿ ಸೆಳೆತವನ್ನು ಕೊಲ್ಲುತ್ತದೆ. ಕೊನೆಯದಾಗಿ ಗಾಳಿಕೊಳವೆ ಮತ್ತು ಹಿಂದಿನ ಟ್ಯಾಂಕಿನ ಮುಚ್ಚಳದಲ್ಲಿರುವ ಸಣ್ಣ ತೂತು. ಮಳೆಗಾಲ ಕಳೆದ ಮೇಲೆ ಒಂದು ಕಾರಿನ ಗಾಳಿಕೊಳವೆಯನ್ನು ಕುಂಬಾರ ಹುಳು ಮಣ್ಣಿನಿಂದ ಭದ್ರವಾಗಿ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕಾರಿನವರು ಅದಾಗಲೇ ಎರಡು ತಿಂಗಳು ಕಾರ್ಬ್ಯುರೇಟರನ್ನು ಬಿಚ್ಚಿ ಜೋಡಿಸುತ್ತಿದ್ದರು.

ನಂದಿದಾರಿ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಈ ಎರಡು ವಾರ ಟ್ಯಾಂಕನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಹೊರಕೋಣೆಯಲ್ಲಿ ಬಳಕೆಗೆ ಸಿಗುವ ಪೆಟ್ರೋಲ್ 1.05 ಲೀಟರ್, ಒಳಕೋಣೆ ಒಂದು ಸಲಕ್ಕೆ ಎಳೆದುಕೊಳ್ಳುವುದು ಅರ್ಧ ಲೀಟರ್. ಪಾದರಸ ಅವರ ಊಹೆ ಇಷ್ಟು ನಿಖರವಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಮುಚ್ಚಳದಲ್ಲಿ ಬಿರುಕಿಲ್ಲ, ಆದರೆ ಗಾಜಿನ ಮೇಲಿಟ್ಟಾಗ ಒಂದು ಅಂಚಿನಲ್ಲಿ ಅಂಚೆ ಕಾರ್ಡು ತೂರುವಷ್ಟು ಸಂದಿ ಕಾಣಿಸಿತು. ಮೂರು ಸಂಜೆ ಉಜ್ಜಿದ ಮೇಲೆ ಸಮವಾಯಿತು. ಸಂದಿ ಮುಚ್ಚುವ ಹಳೆಯ ಗ್ಯಾಸ್ಕೆಟ್ ಒಣರೊಟ್ಟಿಯಂತೆ ಪುಡಿಯಾಗಿತ್ತು, ಬಿರಟೆಯ (ಕಾರ್ಕ್) ಹಾಳೆಯಿಂದ ಹೊಸದನ್ನು ಕತ್ತರಿಸಿಕೊಂಡೆ. ಸ್ಪ್ರಿಂಗ್‌ಗಳನ್ನು ಬದಲಿಸಿದೆ. ಬ್ರೇಕ್ ದ್ರವ ತೆಗೆಯಲು ಬಳಸುವ ಕೈಪಂಪನ್ನು ಸೆಳೆತದ ಬಾಯಿಗೆ ಜೋಡಿಸಿ ಪರೀಕ್ಷಿಸಿದಾಗ, ಮೊದಲು ಎಷ್ಟು ಒತ್ತಿದರೂ ಮೂರು ಇಂಚಿಗಿಂತ ಮೇಲೇರದಿದ್ದ ಮುಳ್ಳು ಈಗ ಹತ್ತು ಇಂಚಿಗೆ ಏರಿ ಒಂದು ನಿಮಿಷ ಅಲ್ಲಾಡದೆ ನಿಲ್ಲುತ್ತದೆ.

ಗೇರ್‌ಪೆಟ್ಟಿಗೆ ಅವರ ಪ್ರಶ್ನೆಗೆ ಉತ್ತರ, ಹೌದು, ನಾನು ಟಾಪ್ ಗೇರಿನಲ್ಲಿಯೇ ಹತ್ತುತ್ತಿದ್ದೆ. ಡ್ಯಾಶ್‌ಬೋರ್ಡಿನಲ್ಲಿ ತಾತ್ಕಾಲಿಕವಾಗಿ ಸೆಳೆತದ ಮಾಪಕವನ್ನು ಕಟ್ಟಿಕೊಂಡು ಊರಾಚೆಯ ಒಂದು ಏರಿನಲ್ಲಿ ನೋಡಿದೆ. ಟಾಪ್ ಗೇರಿನಲ್ಲಿ ಮುಳ್ಳು ಸೊನ್ನೆಯ ಪಕ್ಕದಲ್ಲಿಯೇ ಮಲಗಿತ್ತು. ಎರಡನೆಯ ಗೇರಿಗೆ ಇಳಿದೊಡನೆ ಐದರ ಹತ್ತಿರಕ್ಕೆ ಎದ್ದಿತು.

ಒಂದು ಪ್ರಶ್ನೆ ಉಳಿದಿದೆ. ಅತಿ ಕಡಿದಾದ ಜಾಗಗಳಲ್ಲಿ ಎರಡನೆಯ ಗೇರಿನಲ್ಲಿಯೂ ಥ್ರಾಟಲ್ ಪೂರ್ತಿ ಒತ್ತಬೇಕಾಗುತ್ತದೆ. ಇಳಿಜಾರಿನಲ್ಲಿ, ನಿಂತಲ್ಲಿ ಧಾರಾಳವಾಗಿ ಸಿಗುವ ಸೆಳೆತವನ್ನು ಆ ಹೊತ್ತಿಗಾಗಿ ಕೂಡಿಡಲು ಸಾಧ್ಯವೇ?

ಪಾದರಸ ಬರೆದದ್ದು:

ಸಾಧ್ಯವಿದೆ, ಮತ್ತು ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದೇ. ಮ್ಯಾನಿಫೋಲ್ಡಿನಿಂದ ಟ್ಯಾಂಕಿಗೆ ಹೋಗುವ ಸೆಳೆತದ ಕೊಳವೆಯಲ್ಲಿ ಒಂದು ಏಕಮುಖ ಕವಾಟ, ಅದರ ಮುಂದೆ ಗಾಳಿಯಾಡದ ಒಂದು ಖಾಲಿ ಪಾತ್ರೆ, ಇಷ್ಟೇ ಸಾಕು. ಮ್ಯಾನಿಫೋಲ್ಡಿನಲ್ಲಿ ಸೆಳೆತ ಹೆಚ್ಚಿದ್ದಾಗ ಕವಾಟ ತೆರೆದು ಪಾತ್ರೆಯ ಗಾಳಿ ಹೊರಡುತ್ತದೆ. ಸೆಳೆತ ಇಳಿದೊಡನೆ ಕವಾಟ ಮುಚ್ಚಿಕೊಂಡು ಪಾತ್ರೆಯಲ್ಲಿರುವುದನ್ನು ಕಾಯುತ್ತದೆ.

ಪಾತ್ರೆ ಎಷ್ಟು ದೊಡ್ಡದಿರಬೇಕು? ನಮ್ಮ ಎತ್ತರದಲ್ಲಿ ಹೊರಗಾಳಿಯ ಒತ್ತಡ ಪಾದರಸದ 27 ಇಂಚು. ಪಾತ್ರೆಯಲ್ಲಿ 16 ಇಂಚು ಸೆಳೆತ ಕೂಡಿಟ್ಟರೆ ಒಳಗೆ ಉಳಿದಿರುವ ಗಾಳಿಯ ಒತ್ತಡ 11 ಇಂಚು. ಒಳಕೋಣೆಯ ಅರ್ಧ ಲೀಟರ್ ಗಾಳಿ 27 ಇಂಚಿನಲ್ಲಿದೆ. ಅದೆಲ್ಲವೂ ಪಾತ್ರೆಗೆ ಬಂದು ಒಳಕೋಣೆಯಲ್ಲಿ ಪೆಟ್ರೋಲ್ ತುಂಬಬೇಕು. ಆದರೆ ಆ ಕೊನೆಯ ಗಳಿಗೆಯಲ್ಲಿಯೂ ಎರಡೂವರೆ ಇಂಚು ಸೆಳೆತ ಉಳಿದಿರಬೇಕು, ಅಂದರೆ ಪಾತ್ರೆಯ ಒತ್ತಡ 24.5ನ್ನು ಮೀರಬಾರದು. ಒಳಕೋಣೆಯಿಂದ ಬರುವ ಗಾಳಿ 27ರ ಅರ್ಧ, ಅಂದರೆ 13.5. ಪಾತ್ರೆಯ ಪ್ರತಿ ಲೀಟರೂ ನುಂಗಬಲ್ಲದ್ದು 24.5ರಲ್ಲಿ 11 ಕಳೆದರೆ, ಅದೂ 13.5. ಆದ್ದರಿಂದ ಸರಿಯಾಗಿ ಒಂದು ಲೀಟರಿನ ಪಾತ್ರೆ ಅರ್ಧ ಲೀಟರ್ ಪೆಟ್ರೋಲನ್ನು ಎತ್ತಿಕೊಡುತ್ತದೆ. ಹೊರಕೋಣೆಯ 1.05 ಲೀಟರಿಗೆ ಈ ಅರ್ಧ ಸೇರಿದರೆ, ನಂದಿ ಬೆಟ್ಟಕ್ಕೆ ಬೇಕಾದ ಒಂದೂವರೆ ಲೀಟರ್ ಆಯಿತು.

ಮೂರು ಇಂಚು ವ್ಯಾಸದ, ಒಂಬತ್ತು ಇಂಚು ಉದ್ದದ ಹಿತ್ತಾಳೆ ಕೊಳವೆಗೆ ಎರಡೂ ಕಡೆ ಬಿಲ್ಲೆಗಳನ್ನು ಬೆಸೆದರೆ ಒಂದು ಲೀಟರ್ ಹಿಡಿಯುತ್ತದೆ. ಅದರ ತಳದಲ್ಲಿ ಬರಿದು ಮಾಡುವ ತಿರುಪು ಇರಲೇಬೇಕು, ಏಕೆಂದರೆ ಪೆಟ್ರೋಲ್ ಆವಿ ಅಲ್ಲಿ ಹನಿಯಾಗಿ ಕೂಡುತ್ತದೆ. ಇಂಜಿನ್ ಕಾರ್ಬ್ಯುರೇಟರಿನ ಕಡೆಗೆ ಸಿಡಿದಾಗ ಕಿಡಿ ಒಳಬರದಂತೆ ಏಕಮುಖ ಕವಾಟದ ಹಿಂದೆ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿಯನ್ನೂ ಇಡಿ.

ಹಿತ್ತಾಳೆಕವಾಟ ಬರೆದದ್ದು:

ಲೆಕ್ಕ ಸೊಗಸಾಗಿದೆ. ಆದರೆ ಅದರಲ್ಲಿ ಗಾಳಿಯನ್ನು ಮಾತ್ರ ಎಣಿಸಿದ್ದಾರೆ. ಒಳಕೋಣೆಯಲ್ಲಿರುವುದು ಗಾಳಿಯ ಜೊತೆಗೆ ಪೆಟ್ರೋಲಿನ ಆವಿ ಕೂಡ. ಒತ್ತಡ ಇಳಿದಂತೆಲ್ಲ ಒದ್ದೆಯಾದ ಗೋಡೆಗಳಿಂದ ಇನ್ನಷ್ಟು ಆವಿ ಎದ್ದು ಪಾತ್ರೆಯ ಜಾಗವನ್ನು ತಿನ್ನುತ್ತದೆ. ಒಂದರ ಬದಲು ಒಂದೂವರೆ ಲೀಟರಿನ ಪಾತ್ರೆ ಮಾಡಿಸುವುದು ಕ್ಷೇಮ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ ಪ್ರತಿ ಲೀಟರಿನ ಶಕ್ತಿಯೂ ಶೇಕಡಾ ಏಳರಷ್ಟು ಕಡಿಮೆ, ಬೆಟ್ಟಕ್ಕೆ ಅಷ್ಟು ಹೆಚ್ಚೇ ಬೇಕಾಗುತ್ತದೆ. ಕಾರ್ಬ್ಯುರೇಟರಿನಲ್ಲಿ ಅರಗು ಸವರಿದ ಬಿರಟೆಯ ಫ್ಲೋಟ್ ಇದ್ದರೆ ಅದನ್ನೂ ಗಮನಿಸಿ, ಎಥನಾಲ್ ಅರಗನ್ನು ಕರಗಿಸುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಎತ್ತಿಲ್ಲ. ಬಿಸಿಲಿನಲ್ಲಿ, 38 ಡಿಗ್ರಿ ಶಾಖದಲ್ಲಿ, ಈಗಿನ ಪೆಟ್ರೋಲಿನ ಆವಿಯ ಒತ್ತಡ ಸುಮಾರು 60 ಕಿಲೋಪಾಸ್ಕಲ್. ಬೆಂಗಳೂರಿನ ಹೊರಗಾಳಿಯ ಒತ್ತಡ 91. ಆದ್ದರಿಂದ ಕೊಳವೆಯೊಳಗೆ ಸೆಳೆತ ಪಾದರಸದ ಒಂಬತ್ತು ಇಂಚನ್ನು ಮುಟ್ಟಿದರೆ ಪೆಟ್ರೋಲ್ ಅಲ್ಲಿಯೇ ಕುದಿಯತೊಡಗುತ್ತದೆ. ದಾರಿ ಸರಾಗವಾಗಿದ್ದಾಗ ಈ ಅಪಾಯವಿಲ್ಲ, ಎರಡು ಇಂಚು ಸಿಕ್ಕೊಡನೆ ಪೆಟ್ರೋಲ್ ಹರಿದು ಬರುವುದರಿಂದ ಸೆಳೆತ ಅಷ್ಟು ಬೆಳೆಯುವುದೇ ಇಲ್ಲ. ಆದರೆ ಟ್ಯಾಂಕಿನ ಬಾಯಲ್ಲಿರುವ ಜಾಲರಿಗೆ ಕಸ ಕಟ್ಟಿದ್ದರೆ ಅದರಾಚೆ ಸೆಳೆತ ಬೆಳೆಯುತ್ತಲೇ ಹೋಗುತ್ತದೆ, ಒಳಕೋಣೆಗೆ ಪೆಟ್ರೋಲಿನ ಬದಲು ಬರಿಯ ಆವಿ ಬರುತ್ತದೆ. ಪಾತ್ರೆ ಕೂರಿಸುವ ಮೊದಲು ಆ ಜಾಲರಿಯನ್ನು ತೊಳೆಯಿರಿ, ಹಿಂದಿನಿಂದ ಬರುವ ಕೊಳವೆ ಎಕ್ಸಾಸ್ಟಿನ ಹತ್ತಿರ ಹಾದುಹೋಗಿದ್ದರೆ ಅದನ್ನು ಸರಿಸಿ.

ಅಮೆರಿಕದ ತಯಾರಕರು ಕೊನೆಗೆ ಬೇರೆಯ ದಾರಿಯನ್ನೇ ಹಿಡಿದರು. 1920ರ ದಶಕದ ಕೊನೆಗೆ ಇಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡದಿಂದ ನಡೆಯುವ, ಪೊರೆಯಿರುವ, ಎಸಿ ಎಂಬ ಹೆಸರಿನ ಕಂಪನಿಯ ಯಾಂತ್ರಿಕ ಪಂಪು ಬಂದಿತು. 1929ರ ಆರು ಸಿಲಿಂಡರಿನ ಷೆವ್ರೊಲೆಯಂತಹ ಅಗ್ಗದ ಕಾರಿಗೂ ಅದು ದಕ್ಕಿತು. ಇಂಜಿನ್ ತಿರುಗುತ್ತಿದ್ದರೆ ಪೆಟ್ರೋಲ್ ಬರುತ್ತದೆ, ಥ್ರಾಟಲ್ ಎಲ್ಲಿದೆ ಎಂಬುದು ಅದಕ್ಕೆ ಬೇಕಿಲ್ಲ. ಸೆಳೆತದಿಂದಲೇ ನಡೆಯುತ್ತಿದ್ದ ಗಾಜೊರಸು ಕಡ್ಡಿಗಳು (ವೈಪರ್) ಮಾತ್ರ ಏರಿನಲ್ಲಿ ನಿಲ್ಲುವುದು ಮುಂದುವರಿಯಿತು. ಅದಕ್ಕಾಗಿ 1930ರ ದಶಕದಲ್ಲಿ ಅದೇ ಪಂಪಿನ ಮೇಲೆ ಸೆಳೆತ ಹುಟ್ಟಿಸುವ ಎರಡನೆಯ ಪೊರೆಯನ್ನು ಕೂರಿಸಿದರು.

ನಂದಿದಾರಿ ಬರೆದದ್ದು:

ಕಳೆದ ಭಾನುವಾರ ಬೆಳಗಿನ ಆರು ಗಂಟೆಗೆ ನಂದಿ ಬೆಟ್ಟ ಹತ್ತಿದೆವು. ಒಂದೂವರೆ ಲೀಟರಿನ ಹಿತ್ತಾಳೆ ಪಾತ್ರೆಯನ್ನು ಮುಂದಿನ ಸೀಟಿನವರು ಕಾಲಿಡುವ ಹಲಗೆಯ ಕೆಳಗೆ, ಹೊರಗಿನಿಂದ ಕಾಣದಂತೆ ಕೂರಿಸಿದ್ದೇನೆ. ಮೂಲ ಕೊಳವೆಯನ್ನು ಕತ್ತರಿಸಿಲ್ಲ. ಎರಡು ಜೋಡಣೆಗಳನ್ನು ಬಿಚ್ಚಿದರೆ ಕಾರು ಮೊದಲಿನಂತೆಯೇ ಆಗುತ್ತದೆ.

ಬುಡದಲ್ಲಿ ಪಾತ್ರೆಯ ಮಾಪಕ 15.5 ತೋರಿಸುತ್ತಿತ್ತು. ಏರಿನ ಬಹುಭಾಗವನ್ನು ಎರಡನೆಯ ಗೇರಿನಲ್ಲಿ, ತಿರುವುಗಳಲ್ಲಿ ಕಾಲೆತ್ತುತ್ತ ಹತ್ತಿದೆ. ಪ್ರತಿ ಸಲ ಕಾಲೆತ್ತಿದಾಗಲೂ ಮುಳ್ಳು 14ರ ಮೇಲಕ್ಕೆ ಜಿಗಿಯುತ್ತಿತ್ತು. ಕೊನೆಯ ಕಡಿದಾದ ಭಾಗದಲ್ಲಿ ಪರೀಕ್ಷೆಗೆಂದೇ ಥ್ರಾಟಲನ್ನು ಪೂರ್ತಿ ಒತ್ತಿ ಹಿಡಿದೆ. ಮ್ಯಾನಿಫೋಲ್ಡಿನ ಮುಳ್ಳು ಸೊನ್ನೆಗೆ ಬಿದ್ದರೂ ಪಾತ್ರೆಯ ಮುಳ್ಳು 14ರಲ್ಲಿಯೇ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಾಲಿನ ಹತ್ತಿರ ‘ಟಕ್’ ಎಂಬ ಸದ್ದು ಕೇಳಿಸಿತು, ಮುಳ್ಳು ಮೆಲ್ಲನೆ ಆರಕ್ಕೆ ಇಳಿಯಿತು, ಮತ್ತೆ ‘ಟಕ್’ ಎಂದಿತು. ಮ್ಯಾನಿಫೋಲ್ಡಿನಲ್ಲಿ ಏನೂ ಇಲ್ಲದ ಹೊತ್ತಿನಲ್ಲಿ ಅರ್ಧ ಲೀಟರ್ ಪೆಟ್ರೋಲ್ ಮೇಲೆ ಬಂದಿತ್ತು. ಪಕ್ಕದಲ್ಲಿ ಕುಳಿತಿದ್ದ ನನ್ನ ಮಗಳು ಆ ಸದ್ದನ್ನು ನನಗಿಂತ ಮೊದಲು ಕೇಳಿಸಿಕೊಂಡಳು.

ನೆತ್ತಿ ತಲುಪಿದ ಮೇಲೆ ಹೊರಕೋಣೆಯ ಪೆಟ್ರೋಲನ್ನು ಇಳಿಸಿ ಅಳೆದೆ. ಮುಕ್ಕಾಲು ಲೀಟರಿಗೆ ಸ್ವಲ್ಪ ಹೆಚ್ಚೇ ಉಳಿದಿತ್ತು. ಪಾತ್ರೆಯ ತಳದ ತಿರುಪು ಬಿಚ್ಚಿದಾಗ ಒಂದು ಚಮಚದಷ್ಟು ಪೆಟ್ರೋಲ್ ಬಂದಿತು. ಏಪ್ರಿಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಇದೇ ಏರನ್ನು ಇನ್ನೊಮ್ಮೆ ಹತ್ತಿ, ಆವಿಯ ವಿಷಯದಲ್ಲಿ ಹಿತ್ತಾಳೆಕವಾಟ ಅವರು ಹೇಳಿದ್ದು ಎಷ್ಟರ ಮಟ್ಟಿಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಅಂಕಿಗಳ ಸಮೇತ ಇಲ್ಲಿಯೇ ಬರೆಯುತ್ತೇನೆ.